ಬೋರಲಿಂಗಯ್ಯನವರ ಟೀ

ಸಿದ್ದಯ್ಯ ಗಾಜಿನ ಲೋಟವನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಾಕಿ, ಎರಡನೇ ಸಲ ಉಜ್ಜುತ್ತಿದ್ದಾಗ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ದಿವ್ಯ ಹಿಂದಿನ ಕೋಣೆಗೆ ಬಂದಳು. ಹೆಲ್ಮೆಟ್ ಇನ್ನೂ ತಲೆಯ ಮೇಲಿತ್ತು. ಬೈರಾಪಟ್ಟಣದಿಂದ ಚನ್ನಪಟ್ಟಣದವರೆಗೂ ಸ್ಕೂಟರಿನ ಮೇಲೆ ಅವಳು ಒಂದನ್ನೇ ಯೋಚಿಸುತ್ತ ಬಂದಿದ್ದಳು: ಫೋನಿನಲ್ಲಿ ತಾನು ತಪ್ಪಾಗಿ ಕೇಳಿಸಿಕೊಂಡಿರಬಹುದು. ಮುಂದಿನ ಕೋಣೆಯಲ್ಲಿ, ಜನ ಕೂತು ಫೋಟೋ ತೆಗೆಸಿಕೊಳ್ಳುವ ಜಾಗದಲ್ಲಿ, ಯಜಮಾನ ಬೋರಲಿಂಗಯ್ಯನವರನ್ನು ಚಾಪೆಯ ಮೇಲೆ ಮಲಗಿಸಿದ್ದನ್ನು ಕಂಡ ಮೇಲೆ ಆ ಯೋಚನೆ ಮುಗಿದಿತ್ತು.

"ಅದ್ಯಾಕೆ ತೊಳೀತಿದೀರ ಸಿದ್ದಣ್ಣೋರೆ?"

"ಮೆತ್ಗೆ ಮಾತಾಡವ್ವ. ಅತ್ಗೆ ಕಿವಿಗೆ ಬಿದ್ದಾತು."

ಸಿದ್ದಯ್ಯ ಬೋರಲಿಂಗಯ್ಯನವರ ತಮ್ಮ, ದೊಡ್ಡಆಲಹಳ್ಳಿಯವನು. ಹಿಂದಿನ ದಿನ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತಂದು, ರಾತ್ರಿ ಅಣ್ಣನ ಮನೆಯಲ್ಲೇ ಉಳಿದಿದ್ದ. ಬೆಳಗ್ಗೆ ಅತ್ತಿಗೆ ಕೂಗಿಕೊಂಡಾಗ ಮಹಡಿಯಿಂದ ಮೊದಲು ಇಳಿದು ಬಂದವನು ಅವನೇ. ಅಣ್ಣ ಈ ಕೋಣೆಯ ಕುರ್ಚಿಯಲ್ಲಿ ಕೂತಂತೆಯೇ ಹೋಗಿದ್ದ. ಅತ್ತಿಗೆಗೆ ಗಂಡನ ಮುಖ ಬಿಟ್ಟು ಬೇರೇನೂ ಕಂಡಿರಲಿಲ್ಲ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿ ಹೋಗಿದ್ದರು. ಆದರೆ ಸಿದ್ದಯ್ಯನ ಎದೆ ಹೊಡೆದುಕೊಳ್ಳುತ್ತಿದ್ದುದು ಅಣ್ಣನ ಮುಂದಿದ್ದ ಮೇಜನ್ನು ಕಂಡು.

"ನಮ್ಮಣ್ಣ ಹಳೇ ಚಾಳಿಗೆ ಬಿದ್ಬುಟ್ಟಿದ್ದ ಕಣವ್ವ. ಲೋಟದಲ್ಲಿ ಅರ್ಧ ಹಂಗೇ ಇತ್ತು. ಪಕ್ಕದಲ್ಲಿ ಹುರಿದ ಕಡ್ಲೇಬೀಜ. ರೂಮೆಲ್ಲ ಸ್ಪಿರಿಟ್ ವಾಸ್ನೆ. ಬಾಟ್ಲಿ ಎಲ್ಲಿ ಬಚ್ಚಿಟ್ಟವ್ನೋ, ಎಷ್ಟು ಹುಡುಕುದ್ರೂ ಸಿಕ್ಲಿಲ್ಲ. ಐಸು ನೋಡು, ಇನ್ನೂ ಕರಗಿಲ್ಲ. ಅಂದ್ರೆ ಬೆಳಗ್ಗೆ ಎದ್ದೇ ಶುರು ಮಾಡವ್ನೆ."

ದಿವ್ಯ ಮೇಜು ನೋಡಿದಳು. ಅರಗಿನ ಬಣ್ಣ ಹಚ್ಚಿದ ಮರದ ಟ್ರೇ, ಅದರಲ್ಲಿ ಐಸಿನ ತುಂಡುಗಳು, ಲೋಟದಡಿಗೆ ಇಡುವ ಎರಡು ಮರದ ಬಿಲ್ಲೆಗಳು, ಒಂದು ಕೆಂಪು, ಒಂದು ಹಳದಿ. ಲೋಟ ಅಲ್ಲಾಡದಿರಲೆಂದು ಅದನ್ನು ಹಳದಿ ಬಿಲ್ಲೆಗೆ ಅಂಟಿಸಿದ್ದವಳು ಅವಳೇ. ಕಿತ್ತುಕೊಳ್ಳಲು ಸಿದ್ದಯ್ಯ ಸಾಕಷ್ಟು ಬಲ ಹಾಕಿರಬೇಕು, ಬಿಲ್ಲೆಯ ಒಂದು ಅಂಚಿನಲ್ಲಿ ಬಣ್ಣ ಎದ್ದು ಬಂದಿತ್ತು.

"ಸಿದ್ದಣ್ಣೋರೆ, ಅದು ಎಣ್ಣೆ ಅಲ್ಲ. ಟೀ. ಬರೀ ಟೀ ಡಿಕಾಕ್ಷನ್ನು. ಫೋಟೋಕ್ಕೆ ಅಂತ ಇಟ್ಟಿದ್ದು."

ಸಿದ್ದಯ್ಯ ನಲ್ಲಿ ನಿಲ್ಲಿಸಿದ. ಅವಳನ್ನು ದಿಟ್ಟಿಸಿ ನೋಡಿದ. ಕಣ್ಣಲ್ಲಿ ನೀರು ತುಂಬಿತು.

"ನಿನ್ ಹೊಟ್ಟೆ ತಣ್ಗಿರ್ಲಿ ಕಣವ್ವ. ಇದು ನಂಗೆ ಹೊಳ್ದೇ ಇರ್ಲಿಲ್ಲ. ಯಾರು ಕೇಳುದ್ರೂ ಹಂಗೇ ಹೇಳುಮ. ಟೀ ಅಂತ್ಲೇ ಹೇಳುಮ."

ಅವಳು ಇನ್ನೊಂದು ಮಾತಾಡುವಷ್ಟರಲ್ಲಿ ಅವನು ಅವಳ ಭುಜ ಹಿಡಿದು ಹೊರಗೆ ಕರೆತಂದು, ಕೋಣೆಗೆ ಬೀಗ ಜಡಿದು, ಕೀಲಿಯನ್ನು ಪಂಚೆಯ ಗಂಟಿಗೆ ಸೇರಿಸಿದ.

*

ಸಿದ್ದಯ್ಯ ಗುಟ್ಟು ಕಾಪಾಡಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ಒಬ್ಬರಿಗೆ ಮಾತ್ರ ಹೇಳಿದ. ಆ ಒಬ್ಬರು ಕೆಂಪರಾಜು.

ಮದುವೆಗಳಲ್ಲಿ ಬೋರಲಿಂಗಯ್ಯ ಫೋಟೋ ತೆಗೆದರೆ ಕೆಂಪರಾಜು ವಿಡಿಯೋ ತೆಗೆಯುತ್ತಿದ್ದ. ಆ ಕಾಲದ ಜೋಡಿ. ಬೋರಲಿಂಗಯ್ಯ ಕುಡಿತ ಬಿಟ್ಟ ಮೇಲೂ ಕೆಂಪರಾಜು ಬಿಟ್ಟಿರಲಿಲ್ಲ, ಅದಕ್ಕಾಗಿ ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿಯೂ ಇರಲಿಲ್ಲ. ಸುದ್ದಿ ಕೇಳಿ ಅವನು ಹೆಣದ ಕಾಲ ಬಳಿ ಕುಸಿದು ಕೂತು ಪಾದ ಹಿಡಿದುಕೊಂಡ.

"ಏನ್ಲಾ ಬೋರ, ನಂಗೊಂದು ಮಾತು ಹೇಳಬಾರ್ದಾಗಿತ್ತಾ? ಒಬ್ನೇ ಕೂತ್ಕಂಡು ಕುಡಿಯೋದು ಮನ್ಸ ಮಾಡೋ ಕೆಲ್ಸವಾ?" ಎಂದು ತಗ್ಗಿದ ದನಿಯಲ್ಲಿ ಅತ್ತ. ಆಮೇಲೆ ಎದ್ದು ಹೋಗಿ, ಸ್ವಲ್ಪ ಹೊತ್ತಿನಲ್ಲಿ ಸೊಂಟ ಉಬ್ಬಿಸಿಕೊಂಡು ಬಂದ. ಕುಡಿಯುತ್ತಿದ್ದವನು ಸತ್ತರೆ ಹಾಲಿನ ಜೊತೆಗೆ ಅವನು ಇಷ್ಟಪಟ್ಟದ್ದನ್ನೂ ಬಾಯಿಗೆ ಒಂದು ತೊಟ್ಟು ಬಿಟ್ಟು ಕಳಿಸುವುದು ಅವರ ಕಡೆಯ ರೂಢಿ. ಗೆಳೆಯನಾದವನು ಅದನ್ನು ಮರೆತರೆ ಹೇಗೆ?

ಬಿಸಿಲೇರುವ ಹೊತ್ತಿಗೆ ಬೀದಿಯ ತುಂಬ ಪ್ಲಾಸ್ಟಿಕ್ ಕುರ್ಚಿಗಳಾಗಿದ್ದವು, ಕುರ್ಚಿಗಳ ತುಂಬ 'ಟೀ' ಆಗಿತ್ತು.

"ಏನು ಕುಡೀತಿದ್ರಂತೆ?"

"ಟೀ."

"ಐಸ್ ಹಾಕ್ಕೊಂಡಾ?"

"ದೊಡ್ಡೋರು ಹಂಗೇ ಕಣ್ಲಾ ಕುಡಿಯೋದು, ಟೀನ."

ದಿವ್ಯ ಹಾರ ಹಿಡಿದು ಆ ಸಾಲು ದಾಟಿ ಬರುವಾಗ ಅದು ಕೇಳಿಸಿತು. ಅವಳು ನಿಂತು, "ಅದು ನಿಜವಾಗ್ಲೂ ಟೀ ಕಣ್ರೀ" ಎಂದಳು. ಒಬ್ಬ ತಲೆ ತಗ್ಗಿಸಿದ, ಇನ್ನೊಬ್ಬ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಅವಳಿಗೆ ಅರ್ಥವಾಯಿತು. ಇರುವ ಒಂದೇ ಸತ್ಯವನ್ನು ಹೇಳಲು ಇದ್ದ ಒಂದೇ ಮಾತನ್ನು ಸಿದ್ದಯ್ಯ ಕೆಡಿಸಿಟ್ಟಿದ್ದ. ಈ ಮನೆಯಲ್ಲಿ ಇವತ್ತು ಟೀ ಎಂದರೆ ಬ್ರಾಂದಿ. ಮಾತಿನಿಂದ ಇನ್ನು ಆಗುವುದಿಲ್ಲ, ಬೀಗ ತೆಗೆಸಬೇಕು.

*

ಕುಡಿತ ಬಿಡಿಸಿದ ಮಾಗಡಿಯ ಆ ಮದುವೆ ರೀಲು ಕ್ಯಾಮೆರಾಗಳ ಕಾಲದ್ದು. ಬೋರಲಿಂಗಯ್ಯನವರೇ ದಿವ್ಯಳಿಗೆ ಅದನ್ನು ಹೇಳಿದ್ದರು, ಹಳೆಯ ಬಸ್ ಅಪಘಾತವೊಂದನ್ನು ಹೇಳುವಂತೆ, ತಾನು ಯಾವ ಸೀಟಿನಲ್ಲಿದ್ದೆ ಎಂಬುದನ್ನೂ ಬಿಡದೆ.

ಆಗ ಮದುವೆ ಮನೆಗಳಲ್ಲಿ ಫೋಟೋದವರಿಗೆ ಬೇರೆ ಕೋಣೆ, ಕೋಣೆಯಲ್ಲಿ ಬಾಟಲಿ. ಆ ಬೆಳಗ್ಗೆ ಅವರು ರೀಲು ಹಾಕಿದ್ದು ನಿಜ. ಆದರೆ ರೀಲಿನ ತುದಿ ಚಕ್ರಕ್ಕೆ ಕಚ್ಚಿಕೊಂಡಿದೆಯೇ ಎಂದು ನೋಡುವಷ್ಟು ಎಚ್ಚರ ಅವರಿಗಿರಲಿಲ್ಲ. ಧಾರೆ ಪೂರ್ತಿ ತೆಗೆದರು. ಹೆಣ್ಣಿನ ಕಡೆಯವರನ್ನು ಸರಿಸಿ, ಗಂಡಿನ ಕಡೆಯವರನ್ನು ಗದರಿಸಿ, "ಅಲ್ಲಾಡಬೇಡಿ, ಅಲ್ಲಾಡಬೇಡಿ" ಎಂದು ಕೂಗಿ ಕೂಗಿ ತೆಗೆದರು. ತೊಳೆದಾಗ ರೀಲಿನಲ್ಲಿ ಏನೂ ಇರಲಿಲ್ಲ.

ಹೆಣ್ಣಿನ ತಂದೆ ಚನ್ನಪಟ್ಟಣಕ್ಕೆ ಬಂದರು. ಜಗಳವಾಡಲಿಲ್ಲ. ಅಂಗಡಿ ತುಂಬ ಗಿರಾಕಿಗಳಿದ್ದರು, ಅವರ ನಡುವೆ ನಿಂತು, "ನನ್ನ ಮಗಳ ಧಾರೆ ಎಲ್ಲಿ ಸ್ವಾಮಿ?" ಎಂದು ಕೇಳಿದರು. ಉತ್ತರಕ್ಕೆ ಕಾದರು. ಆಮೇಲೆ ಬಂದ ದಾರಿ ಹಿಡಿದರು.

ಅಂದು ಸಂಜೆ ಬೋರಲಿಂಗಯ್ಯ ಮಹಡಿ ಹತ್ತಿ ಹೋದಾಗ ಹೆಂಡತಿ ದೊಡ್ಡಲಕ್ಷ್ಮಮ್ಮ ಮಗಳು ಭಾನುಪ್ರಿಯಳನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದರು. ಅವರು ಹೆಂಡತಿಯ ತಲೆಯ ಮೇಲೆ ಕೈಯಿಟ್ಟು, "ಇನ್ನು ಮುಟ್ಟಲ್ಲ" ಎಂದರು. ಅಷ್ಟೇ. ಲಕ್ಷ್ಮಮ್ಮ ಸುಲಭಕ್ಕೆ ನಂಬಲಿಲ್ಲ. ವರ್ಷಗಟ್ಟಲೆ ಬಟ್ಟೆ ಒಗೆಯುವ ಮೊದಲು ಅಂಗಿಯ ಕೊರಳಪಟ್ಟಿ ಮೂಸುತ್ತಿದ್ದರು. ಒಂದು ದಿನ ಮೂಸಲು ಮರೆತರು. ಅವತ್ತಿನಿಂದ ನಂಬಿದ ಹಾಗಾಯಿತು.

*

ಹಾಲಿನ ಬಟ್ಟಲು ತಂದಿಟ್ಟದ್ದು ಎದುರು ಮನೆಯವರು. ಹೊರಗೆ ಬಿದಿರು ಕಟ್ಟುವ ಸದ್ದು. ಮಾಗಡಿಗೆ ಕೊಟ್ಟಿದ್ದ ಮಗಳು ಭಾನುಪ್ರಿಯ ಬಂದ ಮೇಲೆ ಹೆಣ ಎತ್ತುವುದೆಂದು ಹಿರಿಯರು ತೀರ್ಮಾನಿಸಿದ್ದರು. ಅವಳ ಕಾರು ದಾರಿಯಲ್ಲಿತ್ತು. ಅಲ್ಲಿಯವರೆಗೆ ಬಾಯಿಗೆ ಹಾಲು ಬಿಡುವವರು ಬಿಡಲಿ, ಮೊದಲು ಹೆಂಡತಿ.

ಲಕ್ಷ್ಮಮ್ಮ ಬಟ್ಟಲು ಮುಟ್ಟಲಿಲ್ಲ.

"ಸಿದ್ದಾ, ಬಾ ಇಲ್ಲಿ. ನನ್ ಮುಖ ನೋಡ್ಕಂಡು ಹೇಳು. ಬೆಳಗ್ಗೆ ಏನು ತೊಳ್ದೆ?"

"ಲೋಟ ಅತ್ಗೆ."

"ಏನಿತ್ತು ಅದ್ರಲ್ಲಿ?"

"ಟೀ ಅತ್ಗೆ."

ಬಾಗಿಲ ಬಳಿ ಯಾರೋ ಮೂಗಿನಲ್ಲಿ ನಕ್ಕರು. ತಕ್ಷಣ ಕೆಮ್ಮಿದರು. ಲಕ್ಷ್ಮಮ್ಮ ಕೆಮ್ಮನ್ನು ಕೇಳಿಸಿಕೊಳ್ಳಲಿಲ್ಲ, ನಗುವನ್ನು ಕೇಳಿಸಿಕೊಂಡರು. ಗಂಡನ ಮುಖವನ್ನು ಒಮ್ಮೆ ನೋಡಿ, ಬಟ್ಟಲನ್ನು ಬೆರಳ ತುದಿಯಿಂದ ಆಚೆ ಸರಿಸಿದರು.

"ನಾನು ಬುಡಕಿಲ್ಲ."

"ಅತ್ಗೆ, ಹಂಗಂದ್ರೆ ಹೆಂಗೆ..."

"ನನ್ ತಲೆ ಮೇಲೆ ಕೈ ಮಡಗಿ ಹೇಳಿದ್ರು. ಆ ಕೈ ಸುಳ್ಳು ಹೇಳಿದ್ರೆ ಈ ಕೈಯಲ್ಲಿ ಹಾಲು ಯಾಕಪ್ಪ? ಕೆಂಪರಾಜಣ್ಣನ ಸೊಂಟದಲ್ಲಿ ಐತಲ್ಲ, ಅದ್ನೇ ಬುಡ್ಲಿ. ಕುಡ್ಕಂಡೇ ಹೋಗ್ಲಿ."

ಕೆಂಪರಾಜುವಿನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಹೊರಗೆ ಬಿದಿರು ಕಟ್ಟುವವರೂ ಕೈ ತಡೆದರು.

*

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋಕ್ಕೆ ಉಳಿದದ್ದು ಪಾಸ್‌ಪೋರ್ಟ್ ಸೈಜಿನ ಫೋಟೋ ಮಾತ್ರ. ಕಂಪ್ಯೂಟರ್ ಕೆಲಸಕ್ಕೆಂದು ಸೇರಿದ್ದ ದಿವ್ಯ ಆಗ ಆಟಿಕೆ ಮಾಡುವವರ ಕಡೆ ತಿರುಗಿದಳು. ಚನ್ನಪಟ್ಟಣದ ಬೊಂಬೆಗಳು ಆನ್‌ಲೈನಿನಲ್ಲಿ ಹೋಗತೊಡಗಿದ್ದವು, ಹೋಗುವ ಪ್ರತಿಯೊಂದಕ್ಕೂ ಒಂದು ಚಿತ್ರ ಬೇಕಿತ್ತು. ಬೋರಲಿಂಗಯ್ಯನವರಿಗೆ ಆ ಕೆಲಸ ಹಿಡಿಸಿತು. "ಇವು ಅಲ್ಲಾಡಲ್ಲ ಕಣಮ್ಮ. ಕಣ್ಣೂ ಮಿಟುಕಿಸಲ್ಲ" ಎನ್ನುತ್ತಿದ್ದರು.

ಅಲ್ಲಾಡುವುದು ಶುರುವಾದದ್ದು ಅಸ್ರಾಳಿಂದ. ಅವಳು ತಂದೆಯ ಆಟಿಕೆ ಕಾರ್ಖಾನೆ ನೋಡಿಕೊಳ್ಳುವವಳು. ಹೊಸದಾಗಿ ಮಾಡಿದ ಟ್ರೇ ಮತ್ತು ಬಿಲ್ಲೆಗಳನ್ನು ತಂದು, "ಸುಮ್ನೆ ಕೂತಿರೋ ಫೋಟೋ ಬೇಡ ಅಂಕಲ್. ಲೋಟಕ್ಕೆ ಐಸ್ ಬಿದ್ದು ಚಿಮ್ಮಬೇಕು, ಸಂಜೆ ಮನೆಗೆ ನೆಂಟರು ಬಂದ ಹಾಗಿರಬೇಕು" ಎಂದಳು. ಆಮೇಲೆ, "ಮರದ ಮೇಲೆ ನೀರು ನಿಲ್ಲಬಾರದು, ಅರಗು ಬೆಳ್ಳಗಾಗುತ್ತೆ" ಎಂದೂ ಸೇರಿಸಿದಳು.

ಹಾಗಾಗಿ ಪ್ರತಿ ಸಲ ಚಿಮ್ಮಿಸಿದ ಮೇಲೂ ಎಲ್ಲವನ್ನೂ ಒರೆಸಬೇಕು, ಲೋಟದ ಮೇಲಿನ ಬೆರಳಚ್ಚನ್ನು ಸ್ಪಿರಿಟ್ ಹಾಕಿ ಅಳಿಸಬೇಕು, ಮತ್ತೆ ತುಂಬಬೇಕು. ಮೊದಲ ಚಿತ್ರಗಳಲ್ಲಿ ನೀರು ಹರಿದ ಬಟ್ಟೆಯಂತೆ ಬಂತು. ಕೋಣೆಯನ್ನು ಕತ್ತಲೆ ಮಾಡಿ, ಫ್ಲ್ಯಾಶಿನ ಶಕ್ತಿ ತಗ್ಗಿಸಿದರೆ ಅದು ಇನ್ನೂ ಬೇಗ ಹೊತ್ತಿ ಆರುತ್ತದೆ, ಹನಿ ಗಾಳಿಯಲ್ಲೇ ನಿಲ್ಲುತ್ತದೆ ಎಂದು ಇಬ್ಬರೂ ಕಲಿತರು. ಬಣ್ಣದ ನೀರು ಔಷಧಿಯಂತೆ ಕಂಡಿತು. ಟೀ ಡಿಕಾಕ್ಷನ್ ತುಂಬಿ ಹಿಂದಿನಿಂದ ಬೆಳಕು ಬಿಟ್ಟಾಗ ಲೋಟ ಒಳಗಿನಿಂದ ಹೊತ್ತಿಕೊಂಡಿತು. ಬೇರೆ ಬೇರೆ ಚಿಮ್ಮುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಬಿಡೋಣ ಎಂದು ದಿವ್ಯ ಹೇಳಿದಳು. ಅದು ಜಾಣತನದ ಕೆಲಸ, ಎಲ್ಲರೂ ಮಾಡುವುದು ಅದನ್ನೇ. ಬೋರಲಿಂಗಯ್ಯ ಒಪ್ಪಲಿಲ್ಲ. ಒಂದೇ ಸಲಕ್ಕೆ ಪೂರ್ತಿ ಬರಬೇಕು.

ಇನ್ನೊಂದು ಹಟವೂ ಇತ್ತು. ಹಳದಿ ಬಿಲ್ಲೆಯ ಮೇಲೆ ಲೋಟ, ಕೆಂಪು ಬಿಲ್ಲೆ ಖಾಲಿ. ಅದರ ಮೇಲೂ ಒಂದು ಲೋಟ ಇಡೋಣವೆಂದರೆ, "ಬೇಡ. ನೆಂಟರು ಇನ್ನೂ ಬಂದಿಲ್ಲ, ಬತ್ತಾವ್ರೆ. ಅದ್ರ ಮೇಲೆ ಒಂದು ಹನಿ ಬೀಳಬಾರ್ದು" ಎನ್ನುತ್ತಿದ್ದರು.

"ಅಮ್ಮನ್ನ ಕರೆದು ತೋರಿಸಿ ಸಾರ್, ಚೆನ್ನಾಗಿ ಕಾಣ್ತೈತೆ" ಎಂದು ಒಮ್ಮೆ ದಿವ್ಯ ಹೇಳಿದಳು.

ಅವರು ಲೋಟ ನೋಡಿದರು, ಐಸು ನೋಡಿದರು, ಕಡ್ಲೇಬೀಜ ನೋಡಿದರು, ನಕ್ಕರು. "ಲಕ್ಷ್ಮಿ ಇದನ್ನ ಕಂಡ್ರೆ ಎದೆ ಒಡ್ಕಂಬುಡ್ತಾಳೆ. ನೀನೂ ಬಾಯಿ ಬುಡಬೇಡ. ಒಂದು ಒಳ್ಳೇದು ಬರ್ಲಿ, ನಾನೇ ಕೂರಿಸ್ಕಂಡು ತೋರಿಸ್ತೀನಿ."

*

ಹೆಣದ ಬಳಿ ಕೂತಿದ್ದ ದಿವ್ಯ ಎದ್ದು ನಿಂತಳು.

"ಸಿದ್ದಣ್ಣೋರೆ, ಬೆಳಗ್ಗೆ ಐಸು ಕರಗಿರಲಿಲ್ಲ ಅಂದ್ರಲ್ಲ?"

"ಈಗ್ಯಾಕವ್ವ ಅದು..."

"ಕರಗಿರಲಿಲ್ಲ ತಾನೆ?"

"ಕಣ್ಣಾರೆ ಕಂಡಿವ್ನಿ."

"ಈಗ ಕರಗಿರುತ್ತಾ?"

ಸಿದ್ದಯ್ಯ ಹೊರಗಿನ ಬಿಸಿಲು ನೋಡಿದ. "ಕರಗದೆ ಏನವ್ವ? ಮಜ್ಜಾನ ಆಗ್ತಾ ಬಂತು."

"ಕರಗಿದ್ರೆ ಕೆಂಪರಾಜಣ್ಣ ತಂದದ್ದನ್ನೇ ಬುಡ್ಲಿ, ನಾನು ಮಾತಾಡಲ್ಲ. ಕರಗದೆ ಇದ್ರೆ ಅಮ್ಮ ಒಳಕ್ಕೆ ಬಂದು ನೋಡ್ಬೇಕು. ಬೀಗ ತಗೀರಿ."

ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ. ಸಿದ್ದಯ್ಯ ಲಕ್ಷ್ಮಮ್ಮನ ಕಡೆ ನೋಡಿದ. ಲಕ್ಷ್ಮಮ್ಮ ಆಗಲೇ ನೆಲಕ್ಕೆ ಕೈಯೂರಿ ಏಳುತ್ತಿದ್ದರು.

ಹಿಂದಿನ ಕೋಣೆಗೆ ನಾಲ್ವರು ಹೋದರು. ಐಸಿನ ತುಂಡುಗಳು ಟ್ರೇಯಲ್ಲಿ ಬೆಳಗ್ಗೆ ಇದ್ದಲ್ಲೇ ಇದ್ದವು, ಮೂಲೆ ಸಹ ಸವೆದಿರಲಿಲ್ಲ. ಸಿದ್ದಯ್ಯ ಒಂದನ್ನು ಎತ್ತಿಕೊಂಡ. ಅಂಗೈಯಲ್ಲಿ ಅದುಮಿದ. ಕೊನೆಗೆ ಬಾಯಿಗೆ ಹಾಕಿ ಕಚ್ಚಿದ.

"ಹಲ್ಲು ಹೋಯ್ತದೆ, ಪ್ಲಾಸ್ಟಿಕ್ಕು" ಎಂದಳು ದಿವ್ಯ. "ಫೋಟೋಕ್ಕೆ ಅಂತ್ಲೇ ಬರುತ್ತೆ."

ಸಿದ್ದಯ್ಯ ಅದನ್ನು ಉಗಿದು, ಪಂಚೆಗೆ ಒರೆಸಿ, ಇದ್ದ ಜಾಗದಲ್ಲೇ ಜೋಪಾನವಾಗಿ ಇಟ್ಟ. ಕೆಂಪರಾಜು ಅಷ್ಟು ಬೇಗ ಬಿಡುವವನಲ್ಲ. "ಐಸು ಡೂಪ್ಲಿಕೇಟು, ಸರಿ ಕಣವ್ವ. ಎಣ್ಣೆ?"

ದಿವ್ಯ ಕಪ್ಪು ಪರದೆ ಸರಿಸಿ, ಹಿಂದಿದ್ದ ಸ್ಟೀಲ್ ಪಾತ್ರೆಯನ್ನು ತಟ್ಟೆ ಮುಚ್ಚಿದ್ದಂತೆಯೇ ಎತ್ತಿ ತಂದಳು. ಕೆಂಪರಾಜು ಕೈ ಚಾಚಿದ. ಅವಳು ಅವನಿಗೆ ಕೊಡದೆ ಲಕ್ಷ್ಮಮ್ಮನಿಗೆ ಕೊಟ್ಟಳು.

ಲಕ್ಷ್ಮಮ್ಮ ತಟ್ಟೆ ತೆಗೆದು ಮೂಸಿದರು. ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡರು. ಇನ್ನೊಮ್ಮೆ ಅದ್ದಿದರು.

"ಇದು ನನ್ ಡಬ್ಬದ ಸೊಪ್ಪು."

"ಅಮ್ಮ?"

"ಟೀ ಸೊಪ್ಪಿನ ಡಬ್ಬಕ್ಕೆ ಏಲಕ್ಕಿ ಸಿಪ್ಪೆ ಹಾಕಿ ಮಡಗ್ತೀನಿ ನಾನು. ಬೇರೆ ಯಾರೂ ಮಡಗಲ್ಲ." ಅವರ ದನಿ ಏರಿತು. "ಒಂದು ವಾರಕ್ಕೆ ಡಬ್ಬ ಖಾಲಿ ಆಗ್ತಿತ್ತು ಕಣೆ! ಅಂಗಡಿಯೋನು ತೂಕ ಹೊಡೀತಾನೆ ಅಂತ ಅವನ್ ಜೊತೆ ಜಗಳ ಆಡಿ ಅಂಗಡಿನೇ ಬದಲಾಯಿಸ್ದೆ. ಇವರು ಪಕ್ಕದಲ್ಲೇ ನಿಂತ್ಕಂಡು ಹೂಂ ಹೂಂ, ಈಗಿನ ಕಾಲ್ದಲ್ಲಿ ಯಾರನ್ನೂ ನಂಬಂಗಿಲ್ಲ ಲಕ್ಷ್ಮಿ ಅಂದ್ರು. ಕಳ್ಳ! ನನ್ ಮನೇಲೇ ಕಳ್ಳ!"

ಅವರು ನಕ್ಕರು. ಪಾತ್ರೆ ಅಲುಗಿ ಡಿಕಾಕ್ಷನ್ ತುಳುಕಿತು. ನಗು ಮುಂದಿನ ಕೋಣೆಗೆ ಕೇಳಿ, ದುಃಖಕ್ಕೆ ತಲೆ ಕೆಟ್ಟಿತು ಎಂದುಕೊಂಡ ಇಬ್ಬರು ಹೆಂಗಸರು ಬಾಗಿಲಿಗೆ ಓಡಿ ಬಂದರು. ಅಷ್ಟರಲ್ಲಿ ನಗು ಅಳುವಾಗಿತ್ತು. ಆ ಬೆಳಗ್ಗೆ ಅವರು ಸರಿಯಾಗಿ ಅತ್ತದ್ದು ಅದೇ ಮೊದಲು. ಕೆಂಪರಾಜು ಗೋಡೆ ಕಡೆ ತಿರುಗಿ ನಿಂತ.

ಅತ್ತು ಮುಗಿಸಿ ಮೂಗು ಒರೆಸಿಕೊಂಡು ಲಕ್ಷ್ಮಮ್ಮ, "ಏನು ತಗೀತಿದ್ರು, ತೋರ್ಸು" ಎಂದರು.

ದಿವ್ಯ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಹಿಂದಿನ ಸಂಜೆಯ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ತಾನು ಮನೆಗೆ ಹೊರಟ ಮೇಲೆ ಅವರು ಒಬ್ಬರೇ, ಒಂದು ಕೈಯಲ್ಲಿ ಐಸು ಇನ್ನೊಂದು ಕೈಯಲ್ಲಿ ರಿಮೋಟು ಹಿಡಿದು ತೆಗೆದವು. ಲಕ್ಷ್ಮಮ್ಮ ಕನ್ನಡಕ ಏರಿಸಿ ಬಗ್ಗಿದರು. ಲೋಟದ ಬಾಯಿಂದ ಟೀ ಎದ್ದು ಗಾಳಿಯಲ್ಲಿ ನಿಂತಿತ್ತು, ಬೆಳಕಿಗೆ ಹಿಡಿದ ಜೇನಿನ ಬಣ್ಣ.

"ಇದು ಬಲಕ್ಕೆ ಚೆಲ್ಲೈತೆ. ಇದ್ರಲ್ಲಿ ಐಸು ಕಾಣಲ್ಲ. ಇದು ಕೊನೇದು. ಚೆನ್ನಾಗೈತೆ, ಆದ್ರೆ ಸಾರ್ ಒಪ್ಪಲ್ಲ" ಎಂದಳು ದಿವ್ಯ.

"ಯಾಕೆ? ಎಷ್ಟು ಚೆಂದಾಗೈತೆ!"

"ಈ ಕೆಂಪು ಬಿಲ್ಲೆ ಮೇಲೆ ಎರಡು ಹನಿ ಬಿದ್ದಾವೆ ನೋಡಿ. ಅದು ಒಣಗಿರಬೇಕು. ನೆಂಟರು ಇನ್ನೂ ಬಂದಿಲ್ಲ."

ಲಕ್ಷ್ಮಮ್ಮ ಸ್ವಲ್ಪ ಹೊತ್ತು ಖಾಲಿ ಬಿಲ್ಲೆಯನ್ನೇ ನೋಡಿದರು. "ಹಂಗಾದ್ರೆ ಆಗಿಲ್ಲ ಅನ್ನು."

"ಆಗಿಲ್ಲ."

"ನಿಂಗೆ ಬತ್ತದಾ?"

"ಬತ್ತದೆ. ಐಸು ಬುಡಕ್ಕೆ ಒಬ್ರು ಬೇಕು."

"ನಾನು ಬುಡ್ತೀನಿ."

"ಅತ್ಗೆ!" ಸಿದ್ದಯ್ಯ ಗಾಬರಿಯಾದ. "ಹೆಣ ಮುಂದೆ ಮಡೀಕ್ಕಂಡು... ಜನ ಏನಂದಾರು?"

"ಬೆಳಗ್ಗಿಂದ ಅಂದದ್ದು ಸಾಲ್ದಾ? ಭಾನು ಬರೋಗಂಟ ಕಾಯ್ಲೇಬೇಕು. ಒಸಿ ಹೊತ್ತು ಇಲ್ಲೇ ಕಾಯ್ತೀನಿ. ನೀನು ಲೋಟ ಕಿತ್ತೋನು, ನೀನೇ ಅಂಟಿಸು. ಕೆಂಪರಾಜಣ್ಣ, ಕಿಟಕಿ ಮುಚ್ಚಿ."

ಕೆಂಪರಾಜು ಕಿಟಕಿ ಮುಚ್ಚಿದ, ಪರದೆಯ ಸಂದುಗಳನ್ನೂ ಮುಚ್ಚಿದ; ಹಳೆಯ ಕಸುಬು ಕೈಗೆ ನೆನಪಿತ್ತು. ದಿವ್ಯ, ಕಿತ್ತುಹೋದ ಬಣ್ಣ ಕಾಣದಂತೆ ಬಿಲ್ಲೆಯನ್ನು ತಿರುಗಿಸಿಟ್ಟು, ಲೋಟವನ್ನು ಸ್ಪಿರಿಟ್ಟಿನಿಂದ ಒರೆಸಿ, ಡಿಕಾಕ್ಷನ್ ತುಂಬಿದಳು. ಲಕ್ಷ್ಮಮ್ಮನ ಮಣಿಕಟ್ಟು ಹಿಡಿದು ಎತ್ತರ ತೋರಿಸಿದಳು.

"ಇಲ್ಲಿಂದ. ಎಸೀಬೇಡಿ, ಬೆರಳು ಬುಡಿ ಅಷ್ಟೆ."

ಕತ್ತಲಾಯಿತು. ಲಕ್ಷ್ಮಮ್ಮ ದಿವ್ಯ ತೋರಿಸಿದ್ದಕ್ಕಿಂತ ಮೇಲಿನಿಂದ, ಅದೂ ಎಸೆದೇ ಬಿಟ್ಟರು. ಫ್ಲ್ಯಾಶ್ ಹೊಡೆಯಿತು. ಟೀ ಪೂರ್ತಿ ಮೇಲೆದ್ದು ಅವರ ಕಡೆಗೇ ಚಿಮ್ಮಿ, ಸೀರೆಯ ಸೆರಗೆಲ್ಲ ನೆನೆಯಿತು.

ದಿವ್ಯ ಚಿತ್ರ ನೋಡಿದಳು. ಹಿಗ್ಗಿಸಿ ನೋಡಿದಳು. ಚೌಕಟ್ಟಿನೊಳಗೆ, ಬರಬಾರದ ಜಾಗದಲ್ಲಿ, ವಯಸ್ಸಾದ ಒಂದು ಕೈ ಬಂದಿತ್ತು, ಬೆರಳುಗಳು ಆಗಷ್ಟೇ ತೆರೆದಿದ್ದವು. ಟೀ ಆ ಕೈಯ ಕಡೆಗೆ ಬಾಗಿ ಎದ್ದಿತ್ತು. ಕೆಂಪು ಬಿಲ್ಲೆಯ ಮೇಲೆ ಒಂದು ಹನಿಯೂ ಇರಲಿಲ್ಲ.

"ಆಯ್ತು" ಎಂದಳು.

"ಇನ್ನೊಂದು ಬೇಡ್ವಾ?"

"ಬೇಡ. ಇದೇ."

ಹೊರಗೆ ಕಾರಿನ ಬಾಗಿಲು ಬಡಿದ ಸದ್ದು, ಹಿಂದೆಯೇ ಭಾನುಪ್ರಿಯಳ ಕೂಗು. ಲಕ್ಷ್ಮಮ್ಮ ಸೀರೆ ಬದಲಿಸಲು ನಿಲ್ಲಲಿಲ್ಲ. ಮುಂದಿನ ಕೋಣೆಗೆ ನಡೆದು, ಓಡಿ ಬಂದ ಮಗಳನ್ನು ಒಂದು ಕೈಯಲ್ಲಿ ಅಪ್ಪಿ ಪಕ್ಕದಲ್ಲಿ ಕೂರಿಸಿಕೊಂಡು, ತಾವು ಆಚೆ ಸರಿಸಿದ್ದ ಬಟ್ಟಲನ್ನು ಈಚೆಗೆ ಎಳೆದುಕೊಂಡರು. ಅವರ ಹಿಂದೆ ಸಿದ್ದಯ್ಯ ನಿಂತ, ಸಿದ್ದಯ್ಯನ ಹಿಂದೆ ಕೆಂಪರಾಜು, ಬರಿಗೈಯಲ್ಲಿ.

ಲಕ್ಷ್ಮಮ್ಮ ಗಂಡನ ಮುಖದ ಮೇಲೆ ಬಗ್ಗಿದರು. ಭುಜದಿಂದ ಜಾರಿದ ಸೆರಗಿನ ತುದಿ ಬಟ್ಟಲಿನ ಮೇಲೆ ತೂಗಿ, ತೊಟ್ಟಿಕ್ಕಿತು. ಮೊದಲು ಒಂದು ಹನಿ, ಆಮೇಲೆ ಬಿಡದೆ. ಕಂದು ಬಣ್ಣ ಹಾಲಿನೊಳಗೆ ಎಳೆಯೆಳೆಯಾಗಿ ಬಿಚ್ಚಿಕೊಂಡಿತು.

"ಅಮ್ಮಾ, ಹಾಲು ಕೆಟ್ಟೋಯ್ತು, ಬೇರೆ ತರಿಸ್ತೀನಿ" ಎಂದಳು ಭಾನುಪ್ರಿಯ.

ಲಕ್ಷ್ಮಮ್ಮ ಬೆರಳಿನಿಂದ ಅದನ್ನು ಒಂದು ಸುತ್ತು ಕದಡಿ, ಚಮಚದಲ್ಲಿ ಎತ್ತಿಕೊಂಡು, ಗಂಡನ ತುಟಿಗೆ ಹಿಡಿದರು.